ಊರಿಗೊಬ್ಬರೇ ಮೇಷ್ಟ್ರು, ವರ್ಷಕ್ಕೊಂದೇ ಕೂಟ: ಅಮೆರಿಕದ ಹಳ್ಳಿ ಶಿಕ್ಷಕರ ಹಳೆಯ ‘ಇನ್‌ಸ್ಟಿಟ್ಯೂಟ್’ಗಳು

ಬ್ಯಾಡಗಿ ಮಾಸ್ತರ (ಚರ್ಚೆ ಆರಂಭಿಸಿದವರು)

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕದ ಅಯೋವಾ ರಾಜ್ಯಕ್ಕೆ ಹೋಗಿದ್ದೆವು. ಮನೆಯವರಿಗೆ ಕೈತುಂಬ ಕೆಲಸ, ನನಗೆ ಕಿಟಕಿಯೇ ಗತಿ. ನನ್ನ ಮುಖ ನೋಡಲಾರದೆ ಅಳಿಯ ಒಂದು ದಿನ ಕ್ಲಾರಿಂಡಾ ಎಂಬ ಸಣ್ಣ ಊರಿಗೆ ಕರೆದೊಯ್ದ. ದಾರಿಯ ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಗೋವಿನಜೋಳ. ರಸ್ತೆಯ ನುಣುಪೊಂದನ್ನು ಬಿಟ್ಟರೆ ಹಿರೇಕೆರೂರಿಗೆ ಹೊರಟಂತೆಯೇ ಇತ್ತು.

ಅಲ್ಲಿನ ವಸ್ತುಸಂಗ್ರಹಾಲಯದ ಆವರಣದಲ್ಲಿ ಗೋಲ್ಡನ್‌ರಾಡ್ ಎಂಬ ಹಳೆಯ ಹಳ್ಳಿಶಾಲೆಯನ್ನು ಕಾಪಾಡಿ ಇಟ್ಟಿದ್ದಾರೆ. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಒಂದರಿಂದ ಎಂಟರವರೆಗಿನ ಮಕ್ಕಳು. ನಾನೂ ಹನ್ನೊಂದು ವರ್ಷ ಏಕೋಪಾಧ್ಯಾಯ ಶಾಲೆಯಲ್ಲಿ ದುಡಿದವನು. ಆ ಕೋಣೆಯಲ್ಲಿ ನಿಂತಾಗ ಹಳೆಯ ಒಲೆಯನ್ನೂ ಡೆಸ್ಕುಗಳನ್ನೂ ನೋಡುವ ಮನಸ್ಸಾಗಲಿಲ್ಲ. ಭಾಗಾಕಾರ ತಲೆಗೆ ಹತ್ತದ ಹುಡುಗನೊಬ್ಬ ಎದುರಿಗೆ ಕುಳಿತರೆ ಈ ಶಿಕ್ಷಕಿ ಯಾರನ್ನು ಕೇಳುತ್ತಿದ್ದಳು ಎಂಬ ಯೋಚನೆ ಹತ್ತಿತು.

ಅದರ ಬೆನ್ನು ಹತ್ತಿ ಊರಿಗೆ ಬಂದ ಮೇಲೆ ಒಂದಷ್ಟು ಓದಿದೆ. 20ನೆಯ ಶತಮಾನದ ಆರಂಭದಲ್ಲಿ ಆ ದೇಶದಲ್ಲಿ ಸುಮಾರು ಎರಡು ಲಕ್ಷ ಒಂದೇ ಕೋಣೆಯ ಶಾಲೆಗಳಿದ್ದವು. ಅಯೋವಾದಲ್ಲೇ 12 ಸಾವಿರಕ್ಕೂ ಮಿಕ್ಕಿ. ಇಡೀ ದೇಶದ ಶಿಕ್ಷಕರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಮಹಿಳೆಯರು. ಹಳ್ಳಿಗೆ ಬರುತ್ತಿದ್ದವರಲ್ಲಿ ಎಷ್ಟೋ ಮಂದಿ ಹದಿನೆಂಟು, ಇಪ್ಪತ್ತರ ಹುಡುಗಿಯರು. ತಾವು ಕಲಿತದ್ದೂ ಅಂಥದೇ ಶಾಲೆಯಲ್ಲಿ, ಎಂಟನೆಯ ತರಗತಿಯವರೆಗೆ. ಶಿಕ್ಷಕರನ್ನು ತಯಾರು ಮಾಡುವ ಸರ್ಕಾರಿ ‘ನಾರ್ಮಲ್ ಶಾಲೆ’ಗಳು 1839ರಿಂದಲೇ ಇದ್ದವು. ಆದರೆ ಅಲ್ಲಿ ಓದಿದವರು ಸಾಮಾನ್ಯವಾಗಿ ಪಟ್ಟಣ ಬಿಟ್ಟು ಕದಲುತ್ತಿರಲಿಲ್ಲ. (ಈ ಕಥೆ ನಮಗೆ ಗೊತ್ತಿಲ್ಲದ್ದೇ?)

ಹಳ್ಳಿಯವರಿಗೆ ಉಳಿದದ್ದು ‘ಟೀಚರ್ಸ್ ಇನ್‌ಸ್ಟಿಟ್ಯೂಟ್’. ಹೆಸರು ಕೇಳಿ ಕಟ್ಟಡ ಎಂದುಕೊಳ್ಳಬೇಡಿ, ಅದೊಂದು ಕೂಟ. 1839ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಬರ್ನಾರ್ಡ್ ಎಂಬ ಶಿಕ್ಷಣಾಧಿಕಾರಿ 26 ಯುವಕರನ್ನು ಸೇರಿಸಿ ಆರು ವಾರ ಪಾಠ ಹೇಳಿಸಿದ; ಖರ್ಚು ಅವನ ಕಿಸೆಯದೇ. ‘ಇನ್‌ಸ್ಟಿಟ್ಯೂಟ್’ ಎಂಬ ಹೆಸರು 1843ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾದ ಕೂಟದಿಂದ ರೂಢಿಗೆ ಬಂತು. 1900ರ ಹೊತ್ತಿಗೆ ಹೆಚ್ಚುಕಡಿಮೆ ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆ, ತಾಲ್ಲೂಕಿನಂಥ ಆಡಳಿತ ವಿಭಾಗ) ವರ್ಷಕ್ಕೊಮ್ಮೆ ಇದು ನಡೆಯುತ್ತಿತ್ತು. ಕೆಲವೆಡೆ ಮೂರು ದಿನ, ಪೆನ್ಸಿಲ್ವೇನಿಯಾದಲ್ಲಿ ಐದು ದಿನ, ಕ್ಯಾನ್ಸಸ್‌ನಲ್ಲಿ ಬೇಸಿಗೆಯ ನಾಲ್ಕು ವಾರ. ನಡೆಸುವವರು ಕೌಂಟಿ ಸೂಪರಿಂಟೆಂಡೆಂಟ್. ನಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರ ಹಾಗೆ ಎನ್ನಬಹುದು, ಆದರೆ ಬಹಳಷ್ಟು ರಾಜ್ಯಗಳಲ್ಲಿ ಜನರೇ ಮತ ಹಾಕಿ ಆರಿಸುತ್ತಿದ್ದ ಸಾಹೇಬರು!

ಶಿಕ್ಷಕರೆಲ್ಲ ಕೌಂಟಿಯ ಮುಖ್ಯ ಪಟ್ಟಣಕ್ಕೆ ಬಂದು, ಯಾರದೋ ಮನೆಯಲ್ಲಿ ಇಳಿದುಕೊಂಡು, ಬೆಳಿಗ್ಗೆ ಹಾಜರಿ ಹಾಕಿ ಕೂರುತ್ತಿದ್ದರು. ಹಾಡು, ಪ್ರಾರ್ಥನೆ, ಅಂಕಗಣಿತ, ವ್ಯಾಕರಣ, ಕೈಬರಹ. ಒಮ್ಮೊಮ್ಮೆ ಊರ ಮಕ್ಕಳನ್ನೇ ಕರೆತಂದು ಎಲ್ಲರೆದುರು ಮಾದರಿ ಪಾಠ. ರಾತ್ರಿ ಊರವರಿಗೂ ಸೇರಿ ಉಪನ್ಯಾಸ, ಸಂಗೀತ. ಕೊನೆಯ ದಿನ ನಿರ್ಣಯಗಳ ಮಂಡನೆ.

ಇವೆಲ್ಲದರ ನಡುವೆ ನನ್ನ ಕಣ್ಣು ನಿಂತದ್ದು ‘ಪ್ರಶ್ನೆ ಪೆಟ್ಟಿಗೆ’ಯ ಮೇಲೆ. ಶಿಕ್ಷಕರು ಹೆಸರಿಲ್ಲದ ಚೀಟಿಯಲ್ಲಿ ತಮ್ಮ ತೊಡಕು ಬರೆದು ಹಾಕುವುದು, ದಿನದ ಒಂದು ಹೊತ್ತಿನಲ್ಲಿ ಕೂಟ ನಡೆಸುವವರು ಅದನ್ನು ಬಿಚ್ಚಿ ಓದುವುದು, ಉತ್ತರ ಗೊತ್ತಿದ್ದವರು ಸಭೆಯಿಂದಲೇ ಎದ್ದು ಹೇಳುವುದು.

ಈ ಕೂಟಗಳು ಬರೀ ಭಾಷಣದ ಸಂತೆ ಎಂದು ಅಂದಿನವರೇ ಹಳಿದಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ವರ್ಷವಿಡೀ ಒಂಟಿಯಾಗಿದ್ದ ಶಿಕ್ಷಕಿಗೆ ತನ್ನಂಥ ಇನ್ನೊಬ್ಬಳು ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ತರಬೇತಿ ಎಂದು ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಪೆಟ್ಟಿಗೆಯನ್ನು, ಬಿಡುವಿನ ಹೊತ್ತಿನ ಪಡಸಾಲೆಯ ಮಾತುಕತೆಯನ್ನು. ನಿಮಗೇನನ್ನಿಸುತ್ತದೆ?

---

ಕರಿಹಲಗೆ

ಮಾಸ್ತರರೇ, ನಾನು ಸಮೂಹ ಸಂಪನ್ಮೂಲ ವ್ಯಕ್ತಿ. ಅಂದರೆ ತಿಂಗಳಿಗೊಮ್ಮೆ ಹದಿನಾರು ಶಾಲೆಗಳವರನ್ನು ಕೂರಿಸಿ ಸಮಾಲೋಚನಾ ಸಭೆ ನಡೆಸುವವಳು. ನಿಮ್ಮ ಬರಹ ಓದಿ ನಗುವೂ ಬಂತು, ಮುಜುಗರವೂ ಆಯಿತು. ನಮ್ಮ ಸಭೆಯಲ್ಲೂ ಹಾಜರಿ, ಪ್ರಾರ್ಥನೆ, ಮಾದರಿ ಪಾಠ, ನಿರ್ಣಯ ಎಲ್ಲವೂ ಉಂಟು. ಇಲ್ಲದಿರುವುದು ಆ ಪೆಟ್ಟಿಗೆ. ಇದ್ದರೂ ಅದರಿಂದ ಹೊರಬರುವ ಚೀಟಿಗಳು ಯಾವುವೆಂದು ನನಗೆ ಗೊತ್ತು: ಮಕ್ಕಳ ಬಿಸಿಯೂಟದ ಮೊಟ್ಟೆಯ ಹಣ ಯಾವಾಗ ಬರುತ್ತದೆ, ಆನ್‌ಲೈನ್‌ನಲ್ಲಿ ಹಾಜರಾತಿ ಏರುತ್ತಿಲ್ಲ ಏನು ಮಾಡಲಿ, ನನ್ನ ವರ್ಗಾವಣೆ ಏನಾಯಿತು.

ಆದರೆ ಬಿಡುವಿನ ಹೊತ್ತಿನ ಮಾತುಕತೆಯ ಬಗ್ಗೆ ನೀವು ಹೇಳಿದ್ದು ನಿಜ. ಸಭೆಯಲ್ಲಿ ತುಟಿ ಬಿಚ್ಚದ ಟೀಚರ್ ಒಬ್ಬರು ಬುತ್ತಿ ಬಿಚ್ಚಿದಾಗ, ಕಳೆಯುವ ಲೆಕ್ಕದಲ್ಲಿ ‘ದಶಕ ತರುವುದನ್ನು’ ಬೆಂಕಿಪೊಟ್ಟಣದ ಕಡ್ಡಿ ಕಟ್ಟುಗಳಿಂದ ಹೇಗೆ ಕಲಿಸಿದೆ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಾನು ಕದ್ದು ಕೇಳಿ ಮುಂದಿನ ತಿಂಗಳು ಅದನ್ನೇ ಕಾರ್ಯಕ್ರಮಪಟ್ಟಿಗೆ ಹಾಕಿದೆ. ವೇದಿಕೆಗೆ ಕರೆದ ಕೂಡಲೇ ಅವರ ಬಾಯಿ ಕಟ್ಟಿಹೋಯಿತು. ಅದಕ್ಕೆ ಔಷಧ ಏನೋ.

---

ಕಡತಪ್ರಿಯ

ಮಾಸ್ತರರ ಬರಹ ಚೆನ್ನಾಗಿದೆ, ಆದರೆ ಸ್ವಲ್ಪ ಬೆಲ್ಲ ಹೆಚ್ಚಾಯಿತು.

ಮೊದಲನೆಯದಾಗಿ, ಆ ಹುಡುಗಿಯರು ಗೆಳತಿಯರನ್ನು ಹುಡುಕಿಕೊಂಡು ಬಂದವರಲ್ಲ, ಲೈಸೆನ್ಸ್ ಉಳಿಸಿಕೊಳ್ಳಲು ಬಂದವರು. ಅಲ್ಲಿ ಶಿಕ್ಷಕರ ಪ್ರಮಾಣಪತ್ರಕ್ಕೆ ಮೊದಲನೆಯ, ಎರಡನೆಯ, ಮೂರನೆಯ ದರ್ಜೆ ಎಂದಿತ್ತು. ಮೂರನೆಯ ದರ್ಜೆಯದು ಅಲ್ಪಾವಧಿಯದು, ಮತ್ತೆ ಮತ್ತೆ ಪರೀಕ್ಷೆ ಬರೆಯಬೇಕು. ಪರೀಕ್ಷೆ ನಡೆಸುವವರು ಅದೇ ಸೂಪರಿಂಟೆಂಡೆಂಟ್, ಎಷ್ಟೋ ಕಡೆ ಅದು ನಡೆಯುತ್ತಿದ್ದದ್ದು ಇನ್‌ಸ್ಟಿಟ್ಯೂಟ್ ಮುಗಿಯುವ ದಿನಗಳಲ್ಲೇ. ಹೀಗಿರುವಾಗ ಹಾಜರಿ ತುಂಬದೆ ಇರುತ್ತದೆಯೇ?

ಎರಡನೆಯದು, ದುಡ್ಡು. ನಿಮ್ಮ ಅಯೋವಾದಲ್ಲೇ 1874ರ ಕಾನೂನಿನ ಪ್ರಕಾರ ಇನ್‌ಸ್ಟಿಟ್ಯೂಟ್‌ಗೆ ರಾಜ್ಯ ಕೊಡುತ್ತಿದ್ದದ್ದು ಕೌಂಟಿಗೆ 50 ಡಾಲರ್. ಉಳಿದದ್ದು ಶಿಕ್ಷಕರ ಜೇಬಿನಿಂದ: ಹೆಸರು ನೋಂದಾಯಿಸಲು ಒಂದು ಡಾಲರ್, ಪರೀಕ್ಷೆಗೆ ಒಂದು ಡಾಲರ್. ತಿಂಗಳಿಗೆ ಮೂವತ್ತು, ನಲವತ್ತು ಡಾಲರ್ ದುಡಿಯುವವರಿಗೆ, ಅದೂ ಶಾಲೆ ತೆರೆದಿರುವ ತಿಂಗಳುಗಳಿಗೆ ಮಾತ್ರ ಸಂಬಳ ಸಿಗುವವರಿಗೆ, ಊಟ ವಸತಿಯ ಖರ್ಚು ಬೇರೆ. ನಮ್ಮವರು ದಿನಭತ್ಯೆ ತಡವಾಯಿತೆಂದು ಗೊಣಗುತ್ತಾರೆ; ಅವರು ತರಬೇತಿಗೆ ತಾವೇ ಭತ್ಯೆ ಕೊಟ್ಟು ಬರುತ್ತಿದ್ದರು.

ಇಂಡಿಯಾನಾ ರಾಜ್ಯದ ಪದ್ಧತಿಯನ್ನೂ ನೋಡಿ. ಅಲ್ಲಿ ಕೌಂಟಿಯ ಕೂಟ ಸಾಲದೆಂದು, ಕೌಂಟಿಯೊಳಗಿನ ಸಣ್ಣ ವಿಭಾಗಗಳಲ್ಲಿ ‘ಟೌನ್‌ಶಿಪ್ ಇನ್‌ಸ್ಟಿಟ್ಯೂಟ್’ ಬೇರೆ, ತಿಂಗಳಿಗೊಂದು ಶನಿವಾರ. ಬಾರದಿದ್ದರೆ ಒಂದು ದಿನದ ಸಂಬಳ ಖೋತಾ. ಕರಿಹಲಗೆಯವರೇ, ನಿಮ್ಮ ಸಮಾಲೋಚನಾ ಸಭೆಯ ಅಜ್ಜ ಇವನೇ ಇರಬೇಕು.

ಮೂರನೆಯದನ್ನು ಬರೆಯಲು ಹೊರಟರೆ ಉದ್ದವಾಗುತ್ತದೆ. ಪಠ್ಯಪುಸ್ತಕ ಕಂಪನಿಗಳ ಏಜೆಂಟರು ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವರಂತೆ ಈ ಕೂಟಗಳಲ್ಲಿ ಸುಳಿದಾಡುತ್ತಿದ್ದರು ಎಂದಷ್ಟೇ ಹೇಳಿ ಬಿಡುತ್ತೇನೆ.

ಇದು ಸಾಲದೆಂದು ತಿಳಿದೇ ವಿಸ್ಕಾನ್ಸಿನ್ 1899ರಲ್ಲಿ ಹಳ್ಳಿ ಶಿಕ್ಷಕರಿಗೆಂದು ಕೌಂಟಿ ಮಟ್ಟದ ಪೂರ್ಣಾವಧಿ ತರಬೇತಿ ಶಾಲೆ ಆರಂಭಿಸಿತು, ಮೊದಲನೆಯದು ವಾಸಾ ಪಟ್ಟಣದಲ್ಲಿ. 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ‘ಗ್ರಾಮಜೀವನ ಆಯೋಗ’ ನೇಮಿಸಿದ. ಸಸ್ಯಶಾಸ್ತ್ರಜ್ಞ ಲಿಬರ್ಟಿ ಹೈಡ್ ಬೇಯ್ಲಿ ಅದರ ಮುಖ್ಯಸ್ಥ. ಹಳ್ಳಿಶಾಲೆಯ ಕೊರತೆ ಆಮೇಲೆ ರಾಷ್ಟ್ರದ ಚರ್ಚೆಯಾಯಿತು. ಇನ್‌ಸ್ಟಿಟ್ಯೂಟ್ ಹಿಂದೆ ಬಿದ್ದದ್ದು ಅದಕ್ಕಿಂತ ಒಳ್ಳೆಯದು ಬಂದದ್ದರಿಂದ. ಅದಕ್ಕಾಗಿ ನಾನಂತೂ ಕಣ್ಣೀರು ಹಾಕಲಾರೆ.

---

ಬ್ಯಾಡಗಿ ಮಾಸ್ತರ

ಕಡತಪ್ರಿಯರೇ, ಬೆಲ್ಲ ನಮ್ಮ ಕಡೆ ಅಗ್ಗವಲ್ಲ, ಲೆಕ್ಕ ಹಾಕಿಯೇ ಹಾಕಿದ್ದೇನೆ.

ಫೀಸು, ಲೈಸೆನ್ಸ್, ಖೋತಾ ಎಲ್ಲ ಒಪ್ಪಿದೆ. ಆದರೆ ಬಲವಂತದಿಂದ ಬಂದವರು ಒಟ್ಟಿಗೆ ಕುಳಿತು ಏನೂ ಪಡೆಯಲಿಲ್ಲ ಎನ್ನುವುದು ಹೇಗೆ? ನಾನು ನೌಕರಿಯಲ್ಲಿದ್ದಾಗ ಹೋದ ತರಬೇತಿಗಳಲ್ಲಿ ಮುಕ್ಕಾಲು ಪಾಲು ಆದೇಶದ ಮೇಲೆ ಹೋದವೇ. ಒಂದರಲ್ಲಿ ಐದು ದಿನವೂ ಸಂಪನ್ಮೂಲ ವ್ಯಕ್ತಿ ತಮ್ಮ ಟಿಪ್ಪಣಿ ಓದಿದರು, ನಾವು ಗೋಡೆಯ ಹಲ್ಲಿ ನೋಡಿದೆವು. ಆದರೂ ಅಲ್ಲಿ ಪಕ್ಕ ಕುಳಿತ ಶಿಗ್ಗಾವಿಯ ಮಾಸ್ತರರಿಂದ, ಐದು ತರಗತಿಗಳನ್ನು ಒಬ್ಬನೇ ನಡೆಸುವಾಗ ದೊಡ್ಡ ಮಕ್ಕಳಿಂದ ಸಣ್ಣವರಿಗೆ ಓದಿಸುವ ಕ್ರಮ ಕಲಿತು ಬಂದೆ. ಆ ಕ್ರಮ ನಿವೃತ್ತಿಯವರೆಗೂ ಕೈಹಿಡಿಯಿತು.

ಇನ್ನೊಂದು ಮಾತು. ನಾನು ನೋಡಿದ ಗೋಲ್ಡನ್‌ರಾಡ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೆಸ್ಸಿ ಫೀಲ್ಡ್ ಎಂಬಾಕೆ 1906ರಲ್ಲಿ ಆ ಪೇಜ್ ಕೌಂಟಿಯ ಸೂಪರಿಂಟೆಂಡೆಂಟ್ ಆದಳು. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು. ಅವಳ ಕೈಕೆಳಗೆ ಸುಮಾರು 130 ಹಳ್ಳಿಶಾಲೆಗಳು. ಎಲ್ಲ ಶಾಲೆಗಳಲ್ಲೂ ಹುಡುಗರಿಗೆ ಜೋಳದ ಸಂಘ, ಹುಡುಗಿಯರಿಗೆ ಮನೆಗೆಲಸದ ಸಂಘ ಕಟ್ಟಿಸಿದಳು. ಮುಂದೆ ‘ಫೋರ್ ಎಚ್’ ಎಂದು ಬೆಳೆದ ಯುವಕೃಷಿಕರ ಚಳವಳಿಯ ಒಂದು ಬೇರು ಇಲ್ಲಿದೆ. ಶಾಲೆಯಲ್ಲಿ ಬೀಜಪರೀಕ್ಷೆ ಮಾಡಿಸುತ್ತಿದ್ದರು: ಒಂದೊಂದು ತೆನೆಯಿಂದ ಆರು ಕಾಳು ಬಿಡಿಸಿ, ಒದ್ದೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಯ ಚೌಕಗಳಲ್ಲಿ ಇಟ್ಟು, ಎಷ್ಟು ಮೊಳೆತವೆಂದು ಎಣಿಸಿ, ಬಿತ್ತನೆಗೆ ಯಾವ ತೆನೆ ಎಂದು ತೀರ್ಮಾನಿಸುವುದು. ಶೇಕಡಾವಾರು ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? 130 ಕಡೆ ಒಬ್ಬೊಬ್ಬರೇ ಇರುವ ಶಿಕ್ಷಕರಿಗೆ ಇಂಥದು ತಲುಪಬೇಕಾದರೆ ಅವರನ್ನೆಲ್ಲ ಒಂದೆಡೆ ಕೂಡಿಸುವುದಲ್ಲದೆ ಆ ಕಾಲದಲ್ಲಿ ಬೇರೆ ದಾರಿ ಏನಿತ್ತು?

---

ಡಿ.ಎಡ್. ಎರಡನೇ ವರ್ಷ

ಹಿರಿಯರು ಕ್ಷಮಿಸಬೇಕು, ಸಣ್ಣ ಪ್ರಶ್ನೆ. ಆ ಕೂಟಗಳಲ್ಲಿ ಪಾಠ ಹೇಳುವ ‘ವಿಧಾನ’ ಎಂದು ಏನನ್ನಾದರೂ ಕಲಿಸುತ್ತಿದ್ದರೇ ಅಥವಾ ಬರೀ ವಿಷಯವೇ? ನಮಗೆ ಪಾಠಯೋಜನೆ ಬರೆದು ಬರೆದು ಕೈ ಸೋತಿದೆ.

---

ನಿವೃತ್ತ ಉಪನ್ಯಾಸಕ, ಮೈಸೂರು

ತಮ್ಮಾ, ನಿನ್ನ ಕೈ ಸೋಲಿಸಿದವರ ಮೂಲ ಹುಡುಕಿದರೆ ಅಲ್ಲಿಗೇ ಹೋಗಿ ಮುಟ್ಟುತ್ತೇವೆ.

1890ರ ದಶಕದಲ್ಲಿ ಅಮೆರಿಕದ ಶಿಕ್ಷಣವಲಯಕ್ಕೆ ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟನ ಗಾಳಿ ಬೀಸಿತು. ಹರ್ಬಾರ್ಟ್ 1841ರಲ್ಲೇ ತೀರಿಕೊಂಡಿದ್ದ. ಅವನ ವಿಚಾರವನ್ನು ಶಿಷ್ಯಪರಂಪರೆಯ ಸಿಲ್ಲರ್, ರೈನ್ ಮುಂತಾದವರು ಐದು ಹೆಜ್ಜೆಗಳ ಅಚ್ಚಿಗೆ ಇಳಿಸಿದರು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಜರ್ಮನಿಯಲ್ಲಿ ಓದಿ ಬಂದ ಚಾರ್ಲ್ಸ್ ಡಿ ಗಾರ್ಮೊ, ಮೆಕ್‌ಮರಿ ಸಹೋದರರು ಇದನ್ನು ಅಮೆರಿಕಕ್ಕೆ ತಂದರು. 1895ರಲ್ಲಿ ರಾಷ್ಟ್ರಮಟ್ಟದ ಹರ್ಬಾರ್ಟ್ ಸಂಘವೇ ಹುಟ್ಟಿತು. ನಾರ್ಮಲ್ ಶಾಲೆಗಳಿಂದ ಹೊರಟ ಈ ಐದು ಹೆಜ್ಜೆಗಳು ಇನ್‌ಸ್ಟಿಟ್ಯೂಟ್‌ಗಳ ವೇದಿಕೆಗೂ ಬಂದವು. ಸುಲಭವಾಗಿ ನೆನಪಿಡಬಹುದು, ಹಲಗೆಯ ಮೇಲೆ ಬರೆಯಬಹುದು, ಪರೀಕ್ಷೆಯಲ್ಲಿ ಕೇಳಬಹುದು. ಮೂರು ದಿನದ ಕೂಟಕ್ಕೆ ಹೇಳಿ ಮಾಡಿಸಿದ ಸರಕು.

ನಮ್ಮ ತರಬೇತಿ ಸಂಸ್ಥೆಗಳಲ್ಲಿ ‘ಹರ್ಬಾರ್ಟನ ಪಂಚ ಸೋಪಾನ’ ಎಂದು ನಾನು ಮೂವತ್ತು ವರ್ಷ ಕಲಿಸಿದ್ದು ಇದನ್ನೇ. ನಮಗೆ ಬಂದ ದಾರಿ ಅಮೆರಿಕದ್ದಕ್ಕಿಂತ ಬ್ರಿಟಿಷರ ತರಬೇತಿ ಕಾಲೇಜುಗಳದು, ಆದರೆ ಮೂಲ ಒಂದೇ. ಅಮೆರಿಕದಲ್ಲಿ ಶಿಕ್ಷಣ ಚಿಂತಕ ಡ್ಯೂಯಿ ಮೊದಲಾದವರು ಬಂದ ಮೇಲೆ ಇದರ ಭರಾಟೆ ಬಹುಬೇಗ ಇಳಿಯಿತು. ನಮ್ಮಲ್ಲಿ ಅದು ಪಾಠಟಿಪ್ಪಣಿಯ ಅಂಕಣಗಳೊಳಗೆ ಗೂಡು ಕಟ್ಟಿ ನೆಮ್ಮದಿಯಾಗಿ ಕುಳಿತಿತು.

ಇಷ್ಟಾಗಿ ಒಂದು ತಪ್ಪೊಪ್ಪಿಗೆ. ನಾನು ಪಾಠ ವೀಕ್ಷಣೆಗೆ ಹೋದಾಗ ಒಬ್ಬ ವಿದ್ಯಾರ್ಥಿನಿ ಮಳೆಯ ಬಗ್ಗೆ ಪಾಠ ಹೇಳುತ್ತಿದ್ದಳು. ಪೀಠಿಕೆಯ ಪ್ರಶ್ನೆಗಳನ್ನು ಟಿಪ್ಪಣಿಯಲ್ಲಿದ್ದಂತೆಯೇ ಕೇಳಿದಳು. ಹೊರಗೆ ಅದೇ ಹೊತ್ತಿಗೆ ಧೋ ಎಂದು ಮಳೆ ಹಿಡಿಯಿತು. ಮಕ್ಕಳೆಲ್ಲ ಕಿಟಕಿಯತ್ತ ತಿರುಗಿದರು. ಅವಳು ಗಾಬರಿಯಿಂದ ನನ್ನ ಮುಖ ನೋಡಿ, ಮಕ್ಕಳನ್ನು ಗದರಿಸಿ, ಎರಡನೆಯ ಸೋಪಾನಕ್ಕೆ ಹೋದಳು. ನಾನು ಅವಳಿಗೆ ಒಳ್ಳೆಯ ಅಂಕವನ್ನೇ ಕೊಟ್ಟೆ.

---

ರಿಚ್ಮಂಡ್ ಕನ್ನಡಿಗ

ಎಲ್ಲರೂ ‘ಅಮೆರಿಕದ ಹಳ್ಳಿ ಶಿಕ್ಷಕಿ’ ಎನ್ನುತ್ತಿದ್ದೀರಿ. ಯಾರ ಹಳ್ಳಿ, ಯಾವ ಶಿಕ್ಷಕಿ ಎಂದು ಒಮ್ಮೆ ಕೇಳಬೇಕಲ್ಲ. ನಾನಿರುವುದು ವರ್ಜೀನಿಯಾದಲ್ಲಿ. ಇಲ್ಲಿ, ದಕ್ಷಿಣದ ಉಳಿದ ರಾಜ್ಯಗಳಲ್ಲಿದ್ದಂತೆ, ಶಾಲೆಗಳೂ ಎರಡು, ಶಿಕ್ಷಕರ ಕೂಟಗಳೂ ಎರಡು: ಬಿಳಿಯರದೊಂದು, ಕರಿಯರದೊಂದು. ಕರಿಯರ ಶಾಲೆಗೆ ಬರುತ್ತಿದ್ದ ಹಣ ಕಡಿಮೆ, ಶಿಕ್ಷಕರ ಸಂಬಳ ಕಡಿಮೆ, ಕಟ್ಟಡ ಎಷ್ಟೋ ಕಡೆ ಇರಲೇ ಇಲ್ಲ.

ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಗ್ಲೆನ್ ಆಲೆನ್‌ನಲ್ಲಿ ವರ್ಜೀನಿಯಾ ರಾಂಡಾಲ್ಫ್ ಅವರ ವಸ್ತುಸಂಗ್ರಹಾಲಯವಿದೆ. ಆಕೆ 1892ರಲ್ಲಿ ಹೆನ್ರೈಕೊ ಕೌಂಟಿಯ ಮೌಂಟನ್ ರೋಡ್ ಶಾಲೆಗೆ ಬಂದವರು. ಒಂದೇ ಕೋಣೆ. ಶಾಲೆಯ ಸುತ್ತಲಿನ ಕೆಸರಿಗೆ ಜಲ್ಲಿ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ಓದು ಬರಹದ ಜೊತೆಗೆ ಬುಟ್ಟಿ ಹೆಣೆಯುವುದು, ಹೊಲಿಗೆ, ತೋಟಗಾರಿಕೆ ಕಲಿಸಿದರು. ಅಷ್ಟರಲ್ಲಿ ಫಿಲಡೆಲ್ಫಿಯಾದ ಅನ್ನಾ ಜೀನ್ಸ್ ಎಂಬ, ಕ್ವೇಕರ್ ಕ್ರೈಸ್ತ ಪಂಥದ ಮಹಿಳೆ ದಕ್ಷಿಣದ ಕರಿಯರ ಹಳ್ಳಿಶಾಲೆಗಳಿಗೆಂದು ಹತ್ತು ಲಕ್ಷ ಡಾಲರ್ ದಾನ ಮಾಡಿದ್ದರು. 1908ರಲ್ಲಿ ಕೌಂಟಿಯ ಸೂಪರಿಂಟೆಂಡೆಂಟ್ ಜಾಕ್ಸನ್ ಡೇವಿಸ್ ಆ ನಿಧಿಯಿಂದ ರಾಂಡಾಲ್ಫ್ ಅವರನ್ನು ಸಂಚಾರಿ ಮಾರ್ಗದರ್ಶಿಯಾಗಿ ನೇಮಿಸಿದರು. ‘ಜೀನ್ಸ್ ಶಿಕ್ಷಕಿ’ ಎಂಬ ಹುದ್ದೆ ಹಾಗೆ ಹುಟ್ಟಿತು. ಕೌಂಟಿಯ 23 ಶಾಲೆಗಳಿಗೆ ಆಕೆಯೇ ಹೋಗುತ್ತಿದ್ದರು. ಮೊದಲ ವರ್ಷದ ಅವರ ವರದಿಯನ್ನು ‘ಹೆನ್ರೈಕೊ ಯೋಜನೆ’ ಎಂದು ದಕ್ಷಿಣದಾದ್ಯಂತ ಹಂಚಿದರು.

ಇಲ್ಲಿ ಗಮನಿಸಬೇಕಾದದ್ದು, ವರ್ಷಕ್ಕೊಮ್ಮೆ ಶಿಕ್ಷಕಿಯನ್ನು ಪಟ್ಟಣಕ್ಕೆ ಕರೆಸುವ ಬದಲು, ಅನುಭವವಿರುವ ಶಿಕ್ಷಕಿಯೇ ಅವಳ ಶಾಲೆಯ ಬಾಗಿಲಿಗೆ ಹೋಗುವುದು. ತಪ್ಪು ಹಿಡಿಯಲು ಬಂದವರಲ್ಲ, ಜೊತೆಗೆ ಕುಳಿತು ಕೆಲಸ ಮಾಡಲು ಬಂದವರು. ಹಾಗೆಂದು ಕೂಟಗಳು ನಿಲ್ಲಲಿಲ್ಲ. ಜೀನ್ಸ್ ಶಿಕ್ಷಕಿಯರು ತಮ್ಮ ಕೌಂಟಿಯ ಶಿಕ್ಷಕರನ್ನು ಸೇರಿಸುತ್ತಿದ್ದರು, ಬೇಸಿಗೆಯಲ್ಲಿ ಹ್ಯಾಂಪ್ಟನ್‌ನಂಥ ಸಂಸ್ಥೆಗಳಿಗೆ ತಾವೇ ಕಲಿಯಲು ಹೋಗುತ್ತಿದ್ದರು. ಈ ಮಾದರಿ ಮುಂದೆ ಆಫ್ರಿಕಾಕ್ಕೂ ಹೋಯಿತು: ಕೀನ್ಯಾದ ಕಬೇಟೆಯಲ್ಲಿ 1925ರಲ್ಲಿ ಜೀನ್ಸ್ ಶಾಲೆ ತೆರೆದರು.

‘ಹಳ್ಳಿಯ ಕರಿಯರಿಗೆ ಕೈಕಸುಬು ಸಾಕು’ ಎಂದು ದಾನಿಗಳು ತೀರ್ಮಾನಿಸಿದ್ದರ ಬಗ್ಗೆ ಅಂದೂ ತಕರಾರಿತ್ತು, ಇಂದೂ ಇದೆ. ನನಗೂ ಇದೆ. ಆದರೆ ಸುಣ್ಣದ ಬಕೆಟ್ ಹಿಡಿದು ಶಾಲೆಯಿಂದ ಶಾಲೆಗೆ ನಡೆದ ಹೆಂಗಸಿನ ಮುಂದೆ ಆ ತಕರಾರನ್ನು ಜೋರಾಗಿ ಹೇಳಲು ಬಾಯಿ ಬರುವುದಿಲ್ಲ.

---

ಕರಿಹಲಗೆ

ಸಂಚಾರಿ ಮಾರ್ಗದರ್ಶಿ, 23 ಶಾಲೆ! ನನ್ನ ಹುದ್ದೆಯ ಮುತ್ತಜ್ಜಿ ಸಿಕ್ಕಂತಾಯಿತು. ನಾನು ಶಾಲೆಯ ಗೇಟಿಗೆ ಬಂದೆನೆಂದರೆ ಒಳಗೆ ‘ಬಂದರು, ಬಂದರು’ ಎಂದು ದಾಖಲೆ ಪುಸ್ತಕ ಹುಡುಕುವ ಸದ್ದು ಕೇಳಿಸುತ್ತದೆ. ಸುಣ್ಣದ ಬಕೆಟ್ ಹಿಡಿದು ಹೋದರೆ ಏನಾಗಬಹುದೋ.

---

ಕರಾವಳಿ ಟೀಚರ್

ಅಧಿಕಾರಿ ಬಂದರೆ ಶಾಲೆ ನಡುಗುವುದು ಎಂಬ ಮಾತಿಗೆ ನಮ್ಮ ಕಡೆಯ ಹಳೆಯ ನೆನಪೊಂದನ್ನು ಸೇರಿಸುತ್ತೇನೆ. ವಿಷಯಾಂತರವೆನಿಸಿದರೆ ನಿರ್ವಾಹಕರು ಅಳಿಸಬಹುದು.

ಅಮೆರಿಕದ ಹಳ್ಳಿಗಳಲ್ಲಿ ಈ ಕೂಟಗಳು ನಡೆಯುತ್ತಿದ್ದ ಕಾಲದಲ್ಲೇ ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರು (1874–1937) ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ಆಗ ನಾವು ಮದ್ರಾಸ್ ಪ್ರಾಂತದವರು. ಇನ್‌ಸ್ಪೆಕ್ಟರ್ ಎಂದರೆ ಶಾಲೆಯ ಅನ್ನವನ್ನೇ ಕೈಯಲ್ಲಿ ಹಿಡಿದವರು. ಖಾಸಗಿ ಶಾಲೆಗಳ ಸಹಾಯಧನ ಅವರ ವರದಿಯನ್ನು ನೆಚ್ಚಿಕೊಂಡಿತ್ತು. ಅಂಥ ಹುದ್ದೆಯಲ್ಲಿದ್ದವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳ ಹಾಡು, ಕಥೆ, ಪಠ್ಯಪುಸ್ತಕ ಬರೆದರು. ನನ್ನ ಅಜ್ಜನೂ ಮಾಷ್ಟ್ರು. ಅವರ ಬಾಯಲ್ಲಿ ಸರ್ಕ್ಯುಲರುಗಳು ಒಂದೂ ಉಳಿದಿರಲಿಲ್ಲ, ಪಂಜೆಯವರ ಹಾಡುಗಳು ಸಾಲು ಸಾಲಾಗಿ ಉಳಿದಿದ್ದವು.

ಮುಂಬಯಿ ಕರ್ನಾಟಕದವರು ಧಾರವಾಡದ ಟ್ರೇನಿಂಗ್ ಕಾಲೇಜಿನ ಬಗ್ಗೆ ಬರೆಯಬೇಕು, ಅದು ನನ್ನ ಸೀಮೆಯಲ್ಲ. ನಾಟಕಕಾರ ಶಾಂತಕವಿಗಳು, ಕಾದಂಬರಿಕಾರ ಗಳಗನಾಥರು ಇಬ್ಬರೂ ಕನ್ನಡ ಶಾಲೆಯ ಮಾಸ್ತರರೇ ಅಲ್ಲವೇ? ಹಳ್ಳಿ ಮಾಸ್ತರನೊಬ್ಬ ಒಂಟಿತನವನ್ನು ಕಾದಂಬರಿ ಬರೆದು ಕಳೆದನೋ, ನಾಟಕ ಕಟ್ಟಿ ಕಳೆದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

---

ಕಡತಪ್ರಿಯ

ಚರ್ಚೆ ಅಯೋವಾದಿಂದ ದಕ್ಷಿಣ ಕನ್ನಡಕ್ಕೆ ಬಂತು, ಒಳ್ಳೆಯದೇ. ರಾಂಡಾಲ್ಫ್ ಅವರ ಉದಾಹರಣೆಯಿಂದ ನನ್ನ ವಾದಕ್ಕೆ ಬಲ ಬಂತೆಂದು ಬರೆಯಹೊರಟಿದ್ದೆ. ಓದುತ್ತಾ ಹೋದಂತೆ ಕೆಂಟಕಿಯ ಒಂದು ಪ್ರಸಂಗ ಸಿಕ್ಕಿತು. ಅದು ಮಾಸ್ತರರ ಪಕ್ಷಕ್ಕೆ ಹೋಗುತ್ತದೆ. ಪ್ರಾಮಾಣಿಕತೆಗಾಗಿ ಹಾಕುತ್ತಿದ್ದೇನೆ.

ರೋವನ್ ಕೌಂಟಿ ಗುಡ್ಡಗಾಡು. ಅಲ್ಲಿನ ಸೂಪರಿಂಟೆಂಡೆಂಟ್ ಕೋರಾ ವಿಲ್ಸನ್ ಸ್ಟುವರ್ಟ್ ತಮ್ಮ ಶಿಕ್ಷಕರನ್ನು ಕರೆದು ಕೇಳಿದ್ದು ಇಷ್ಟು: ಹಗಲು ಮಕ್ಕಳಿಗೆ ಕಲಿಸುವ ನೀವೇ ರಾತ್ರಿ ಓದುಬರಹ ಬಾರದ ದೊಡ್ಡವರಿಗೂ ಕಲಿಸುತ್ತೀರಾ? ಸಂಬಳ ಇಲ್ಲ. ಶಿಕ್ಷಕರು ಒಪ್ಪಿದರು. 1911ರ ಸೆಪ್ಟೆಂಬರ್ 4 ರಜೆಯ ದಿನ. ಅಂದು ಮನೆಮನೆಗೂ ನಡೆದು ಹೇಳಿಬಂದರು. ಮರುದಿನ ರಾತ್ರಿ ಶಾಲೆಗಳನ್ನು ತೆರೆದರು. ದಾರಿಯಲ್ಲಿ ದೀಪವಿಲ್ಲ, ಹಳ್ಳ ಕೊಳ್ಳ ದಾಟಿ ಬರಬೇಕು, ಆದ್ದರಿಂದ ಬೆಳದಿಂಗಳ ರಾತ್ರಿಗಳನ್ನೇ ಆರಿಸಿದ್ದರು. ಅದಕ್ಕೇ ‘ಬೆಳದಿಂಗಳ ಶಾಲೆ’ ಎಂಬ ಹೆಸರು. ನೂರೈವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದರಂತೆ, ಬಂದವರು ಸುಮಾರು 1,200. ಹದಿನೆಂಟರಿಂದ ಎಂಬತ್ತಾರು ವಯಸ್ಸಿನವರೆಗೆ!

ದೊಡ್ಡವರ ಕೈಗೆ ಮಕ್ಕಳ ಓದುಪುಸ್ತಕ ಕೊಟ್ಟರೆ ನಾಚಿಕೆ ಎಂದು ಕೌಂಟಿಯ ಸುದ್ದಿಗಳನ್ನೇ ಸರಳ ವಾಕ್ಯಗಳಲ್ಲಿ ಅಚ್ಚು ಮಾಡಿ ಪುಟ್ಟ ಪತ್ರಿಕೆ ತಂದರು. ಆಮೇಲೆ ವಯಸ್ಕರಿಗೆ ಕಲಿಸುವುದು ಹೇಗೆಂದು ಈ ಶಿಕ್ಷಕರಿಗಾಗಿಯೇ ಇನ್‌ಸ್ಟಿಟ್ಯೂಟ್ ನಡೆಸಿದರು. ಅಲ್ಲಿ ಪಾಠ ಹೇಳಬಲ್ಲ ಪಂಡಿತರು ಎಲ್ಲಿಂದಲೋ ಬರುವಂತಿರಲಿಲ್ಲ, ಏಕೆಂದರೆ ಆ ಕೆಲಸ ಮಾಡಿದವರು ಆ ಶಿಕ್ಷಕರೇ. ನಮ್ಮಲ್ಲಿ 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ದುಡಿದವರಿಗೆ ಇದು ಚೆನ್ನಾಗಿ ಅರ್ಥವಾದೀತು.

ಆದ್ದರಿಂದ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಕೂಟ ಕೆಟ್ಟದ್ದಾಗಿರಲಿಲ್ಲ, ವೇದಿಕೆಯ ಮೇಲೆ ಯಾರನ್ನು ಕೂರಿಸಿದರು ಎಂಬುದು ಕೆಟ್ಟಿತ್ತು. ಆದರೆ ಎರಡು ಡಾಲರ್ ಫೀಸಿನ ಬಗ್ಗೆ ನನ್ನ ಕೋಪ ಹಾಗೆಯೇ ಇದೆ.

---

ಬ್ಯಾಡಗಿ ಮಾಸ್ತರ

ಇರಲಿ, ಆ ಕೋಪದಲ್ಲಿ ನನ್ನದೂ ಅರ್ಧ ಪಾಲು. ಚಟುವಟಿಕೆಯ ಕಾರ್ಡುಗಳಿಂದ ಸಣ್ಣ ಮಕ್ಕಳಿಗೆ ಕಲಿಸುವ ನಮ್ಮ ನಲಿ-ಕಲಿಯನ್ನೂ ನೆನೆಯಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಅದು ಆರಂಭವಾದದ್ದು ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಕಣ್ಣಾರೆ ನೋಡಿ, ಮರಳಿ ಬಂದು ಕಾರ್ಡುಗಳನ್ನು ತಾವೇ ಕುಳಿತು ಬರೆದಾಗ. ಆದೇಶವಾಗಿ ರಾಜ್ಯಕ್ಕೆಲ್ಲ ಹರಡಿದ ಮೇಲೆ ಅದೇ ಕಾರ್ಡುಗಳನ್ನು ಎಷ್ಟೋ ಶಾಲೆಗಳಲ್ಲಿ ಬೀರುವಿನಲ್ಲಿ ಕಂಡಿದ್ದೇನೆ.

---

ಕರಿಹಲಗೆ

ಮೂರು ವಾರ ಈ ಕಡೆ ಬರಲಾಗಲಿಲ್ಲ. ಕಾರಣ ಹೇಳುತ್ತೇನೆ.

ಕಳೆದ ಶನಿವಾರದ ಸಭೆಗೆ ಹಳೆಯ ಬೂಟಿನ ಡಬ್ಬಿಯೊಂದನ್ನು ತೆಗೆದುಕೊಂಡು ಹೋದೆ, ಮುಚ್ಚಳಕ್ಕೆ ಸೀಳು ಮಾಡಿ. ಹೆಸರು ಬೇಡ, ಶಾಲೆಯ ಹೆಸರೂ ಬೇಡ, ತರಗತಿಯೊಳಗಿನ ತೊಡಕು ಮಾತ್ರ ಎಂದೆ. ಇಪ್ಪತ್ತೆಂಟು ಜನರಲ್ಲಿ ಹನ್ನೊಂದು ಚೀಟಿ. ನಾನು ಊಹಿಸಿದಂತೆ ನಾಲ್ಕರಲ್ಲಿ ಮೊಟ್ಟೆ, ವರ್ಗಾವಣೆ, ಆನ್‌ಲೈನ್. ಒಂದರಲ್ಲಿ ‘ಸಭೆ ಬೇಗ ಮುಗಿಸಿ’ ಎಂದಿತ್ತು, ಬಸ್ಸಿನ ಸಮಯವನ್ನೂ ಬರೆದಿದ್ದರು. ಉಳಿದ ಆರು ನಿಜವಾದ ಪ್ರಶ್ನೆಗಳು. ಐದಕ್ಕೆ ಸಭೆಯಲ್ಲೇ ಉತ್ತರ ಬಂತು. ಬೆಂಕಿಕಡ್ಡಿಯ ಟೀಚರ್ ಕುಳಿತಲ್ಲಿಂದಲೇ ಎರಡಕ್ಕೆ ಉತ್ತರಿಸಿದರು, ಯಾರೂ ವೇದಿಕೆಗೆ ಕರೆಯಲಿಲ್ಲವಲ್ಲ. ಒಂದು ಚೀಟಿ ಮಾತ್ರ ನನ್ನ ಬ್ಯಾಗಿನಲ್ಲೇ ಉಳಿದಿದೆ:

‘ಒಂದನೆಯ ತರಗತಿ. ತಾಂಡಾದಿಂದ ಬರುವ ಹುಡುಗಿ. ಜೂನ್‌ನಿಂದ ಇಂದಿನವರೆಗೆ ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ. ಗದರಿಸಿಲ್ಲ, ಹೊಡೆದಿಲ್ಲ. ನನಗೆ ಲಂಬಾಣಿ ಬಾರದು. ಏನು ಮಾಡಲಿ?’

ಇಲ್ಲಿರುವವರಲ್ಲಿ ಯಾರಾದರೂ ಹೇಳುತ್ತೀರಾ?

---

ಕರಾವಳಿ ಟೀಚರ್

ನನ್ನ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಕ್ಕಳು. ಮಾತಾಡು ಎಂದು ಆ ಮಗುವನ್ನು ಕೇಳುವುದನ್ನು ಮೊದಲು ನಿಲ್ಲಿಸಲು ಹೇಳಿ. ಪಕ್ಕದಲ್ಲಿ ತಾಂಡಾದ ಇನ್ನೊಂದು ಮಗುವನ್ನು, ಸಾಧ್ಯವಾದರೆ ಮೂರನೆಯದೋ ನಾಲ್ಕನೆಯದೋ ತರಗತಿಯವರನ್ನು, ದಿನಕ್ಕೆ ಅರ್ಧ ಗಂಟೆ ಕೂರಿಸಲಿ. ಆ ಅರ್ಧ ಗಂಟೆ ಟೀಚರ್ ಹತ್ತಿರ ಸುಳಿಯಬಾರದು.

---

ಬ್ಯಾಡಗಿ ಮಾಸ್ತರ

ನಾನು ನಾಲ್ಕು ವರ್ಷ ತಾಂಡಾದ ಶಾಲೆಯಲ್ಲಿದ್ದವನು. ಹೋದ ಹೊಸತರಲ್ಲಿ ಮಕ್ಕಳ ಕಣ್ಣಿಗೆ ನಾನು ಪೊಲೀಸನೋ ಸೂಜಿ ಹಾಕುವವನೋ ಆಗಿದ್ದೆ. ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡು ಅವರ ಮಾತಿನ ಶಬ್ದ ಕೇಳಿ ಬರೆದುಕೊಂಡೆ. ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ, ಪಾಣಿ ಎಂದರೆ ನೀರು. ಮರುದಿನ ಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ‘ಯಾಡಿ’ ಎಂದು ಬರೆದು ತಪ್ಪುತಪ್ಪಾಗಿ ಓದಿದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ತಿದ್ದಿದವಳು ಅಲ್ಲಿಯವರೆಗೆ ಬಾಯಿ ಬಿಡದಿದ್ದ ಒಬ್ಬ ಹುಡುಗಿ. ಆ ಶಿಕ್ಷಕರಿಗೆ ಹೇಳಿ, ತಪ್ಪು ಓದಬೇಕು. ಸರಿಯಾಗಿ ಓದಿದರೆ ಕೆಲಸ ಕೆಡುತ್ತದೆ.

---

ಕರಿಹಲಗೆ

ಎರಡನ್ನೂ ಬರೆದುಕೊಂಡೆ. ಮುಂದಿನ ಸಭೆಯಲ್ಲಿ ಓದಿ ಹೇಳುತ್ತೇನೆ, ಚೀಟಿ ಯಾರದೆಂದು ಕೇಳುವುದಿಲ್ಲ. ಆದರೆ ಮಾಸ್ತರರೇ, ನಲಿ-ಕಲಿಯಲ್ಲಿ ಆರಂಭ ರ, ಗ, ಸ, ದ, ಅ. ‘ಯ’ ಇನ್ನೂ ಬಂದಿಲ್ಲ, ‘ಯಾಡಿ’ ಹೇಗೆ ಬರೆಯುವುದು ಎಂದು ಯಾರಾದರೂ ಎದ್ದೇ ಏಳುತ್ತಾರೆ.

---

ಬ್ಯಾಡಗಿ ಮಾಸ್ತರ

ಏಳಲಿ ಅಕ್ಕಾವರೇ. ಎದ್ದವರಿಗೆ, ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಅವಳ ಯಾಡಿಯ ಚಿತ್ರ ಬರೆಯಿಸಲು ಹೇಳಿ. ಅಕ್ಷರ ದೀಪಾವಳಿಯ ನಂತರ ಬಂದರೂ ನಡೆಯುತ್ತದೆ.